ಮೂಡಲ್ ಕೋರ್ಸ್‌ನೊಳಗೆ ಪುಟದಿಂದ ಪುಟಕ್ಕೆ ಲಿಂಕ್: ಕೋರ್ಸ್ ನಕಲಾದರೂ ಮುರಿಯದ ಹಾಗೆ

ಆನ್‌ಲೈನ್ ಕೋರ್ಸ್ ನಡೆಸುವ ತಂತ್ರಾಂಶವಾದ ಮೂಡಲ್‌ನಲ್ಲಿ ಹೊಸ ಕೋರ್ಸ್ ಶುರುವಾದ ಮೊದಲ ವಾರ ನನಗೆ ಬರುವ ದೂರುಗಳು ಹೆಚ್ಚುಕಡಿಮೆ ಎರಡೇ. ಒಂದು, "ನನಗೆ ಲಿಂಕ್ ತೆರೆಯುತ್ತೆ, ವಿದ್ಯಾರ್ಥಿಗಳಿಗೆ ತೆರೆಯಲ್ಲ." ಇನ್ನೊಂದು, "ಲಿಂಕ್ ಒತ್ತಿದರೆ ಹಳೇ ಕೋರ್ಸ್‌ಗೆ ಹೋಗುತ್ತೆ." ಎಡಿಟರ್‌ನಲ್ಲಿ ಲಿಂಕ್ ಹಾಕುವುದು ಹೇಗೆ ಎಂದು ಯಾರೂ ಕೇಳುವುದಿಲ್ಲ, ಅದು ಎಲ್ಲರಿಗೂ ಗೊತ್ತು. ತಪ್ಪು ನಡೆದಿರುವುದು ಲಿಂಕ್ ಬಟನ್ ಒತ್ತುವುದಕ್ಕೆ ಮುಂಚೆ, ಇಲ್ಲವೇ ಒತ್ತಿದ ಎಷ್ಟೋ ತಿಂಗಳ ಮೇಲೆ ಕೋರ್ಸ್ ನಕಲು ಮಾಡುವಾಗ. ಹಾಗಾಗಿ ಬಟನ್‌ಗೆ ಇಲ್ಲಿ ಒಂದೆರಡು ಸಾಲು ಸಾಕು. ಉಳಿದದ್ದೆಲ್ಲ ಅದರ ಹಿಂದುಮುಂದಿನ ಕೆಲಸ.

ಒಂದು ಮಾತು: ವೆಬ್ ವಿಳಾಸಗಳು ನಿಮ್ಮ ಬ್ರೌಸರ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿರುತ್ತವೆ. ಇಲ್ಲಿ ಅವನ್ನು ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ, ನೋಡಿದರೆ ಗುರುತು ಸಿಗುತ್ತದೆ.

ಮೊದಲು ತಲೆಯಲ್ಲಿ ಕೂರಬೇಕಾದ ಸಂಗತಿ

ಮೂಡಲ್‌ನಲ್ಲಿ ಒಂದು ಪುಟ, ಕ್ವಿಜ್ ಅಥವಾ ಅಸೈನ್‌ಮೆಂಟ್ ಸೃಷ್ಟಿಸಿದ ಗಳಿಗೆಯಲ್ಲೇ ಅದಕ್ಕೊಂದು ಸಂಖ್ಯೆ ಸಿಗುತ್ತದೆ. ಆ ಪುಟವನ್ನು ತೆರೆದು ಅಡ್ರೆಸ್ ಬಾರ್ ನೋಡಿ. ಕೊನೆಯಲ್ಲಿ ‘ಮಾಡ್/ಪೇಜ್/ವ್ಯೂ.ಪಿಎಚ್‌ಪಿ?ಐಡಿ=345’ ಎಂಬಂತೆ ಇರುತ್ತದೆ. ಲಿಂಕ್ ಹಿಡಿದುಕೊಂಡಿರುವುದು ಈ 345ನ್ನು. ಪುಟದ ಹೆಸರಿಗೂ ಲಿಂಕ್‌ಗೂ ಸಂಬಂಧವೇ ಇಲ್ಲ.

ಇದರಿಂದ ಏನಾಗುತ್ತದೆ ನೋಡಿ. ಹೆಸರು ಬದಲಿಸಿದರೆ ಲಿಂಕ್ ಮುರಿಯುವುದಿಲ್ಲ. ಪುಟವನ್ನು ಎಳೆದು ಬೇರೆ ಸೆಕ್ಷನ್‌ಗೆ ಹಾಕಿದರೂ ಮುರಿಯುವುದಿಲ್ಲ. ಆದರೆ ಅಳಿಸಿ, ಅದೇ ಹೆಸರಿನಲ್ಲಿ ಅದೇ ಜಾಗದಲ್ಲಿ ಹೊಸದು ಮಾಡಿದರೆ ಹಳೆಯ ಲಿಂಕ್‌ಗಳೆಲ್ಲ ಸತ್ತವು. ಡೂಪ್ಲಿಕೇಟ್ ಮಾಡಿ ಮೂಲವನ್ನು ಅಳಿಸಿದರೂ ಅದೇ ಗತಿ. ರೀಸೈಕಲ್ ಬಿನ್‌ನಿಂದ ವಾಪಸ್ ತಂದರೆ ಹಳೆಯ ಸಂಖ್ಯೆಯೇ ಬರುತ್ತದೆ ಅಂದುಕೊಳ್ಳುವವರು ಬಹಳ. ಬರುವುದಿಲ್ಲ, ಒಳಗೊಳಗೆ ಅದು ಬ್ಯಾಕಪ್‌ನಿಂದ ಮರುಸೃಷ್ಟಿಯಾಗುತ್ತದೆ, ಹೊಸ ಸಂಖ್ಯೆ ಹೊತ್ತು ಬರುತ್ತದೆ.

ಕೈಗೆ ಬೇಕಾದದ್ದು

ಎಡಿಟ್ ಮಾಡುವ ಅಧಿಕಾರವಿರುವ ಶಿಕ್ಷಕರ ಖಾತೆ ಹೇಗೂ ಇರುತ್ತದೆ. ಅದರ ಜೊತೆ ಒಂದು ಪರೀಕ್ಷಾ ವಿದ್ಯಾರ್ಥಿ ಖಾತೆ ಬೇಕೇ ಬೇಕು. ಅಡ್ಮಿನ್ ಹತ್ತಿರ ಕೇಳಿ ಮಾಡಿಸಿಕೊಳ್ಳಿ, ಮತ್ತು ಅದನ್ನು ಈಗ ಕಟ್ಟುತ್ತಿರುವ ಕೋರ್ಸ್‌ಗೆ ಮಾತ್ರ ಸೇರಿಸಿ, ಬೇರೆ ಯಾವುದಕ್ಕೂ ಬೇಡ. ಯಾಕೆಂದು ಏಳನೇ ಹಂತದಲ್ಲಿ ಗೊತ್ತಾಗುತ್ತದೆ. ಎರಡು ಖಾತೆಗಳಲ್ಲಿ ಒಟ್ಟಿಗೆ ಲಾಗಿನ್ ಆಗಲು ಬ್ರೌಸರ್‌ನ ಖಾಸಗಿ ವಿಂಡೋ ಸಾಕು. ಲಿಂಕ್‌ಗಳು ಇಪ್ಪತ್ತು ಮೀರುವ ಕೋರ್ಸಾದರೆ ಒಂದು ಸ್ಪ್ರೆಡ್‌ಶೀಟ್ ಇಟ್ಟುಕೊಳ್ಳಿ: ಯಾವ ಪುಟದಿಂದ, ಯಾವ ಪುಟಕ್ಕೆ, ಪರೀಕ್ಷೆ ಆಯಿತೇ. ಮೂರು ಕಾಲಂ, ಅಷ್ಟೇ.

ಹಂತ 1: ಮೊದಲು ಎಲ್ಲ ಪುಟಗಳನ್ನೂ ಹುಟ್ಟುಹಾಕಿ

ಬಹುತೇಕರು ಒಂದು ಪುಟ ಬರೆಯುತ್ತಾರೆ, ಮುಂದಿನ ಪುಟಕ್ಕೆ ಲಿಂಕ್ ಬೇಕೆನಿಸುತ್ತದೆ, ಅದಿನ್ನೂ ಇಲ್ಲ, "ಆಮೇಲೆ ಹಾಕೋಣ" ಅಂತ ಬಿಡುತ್ತಾರೆ. ಆ ಆಮೇಲೆ ಬರುವುದೇ ಇಲ್ಲ.

ಕ್ರಮ ತಿರುಗಿಸಿ. ಕೋರ್ಸ್‌ನಲ್ಲಿ ಬೇಕಾದ ಎಲ್ಲ ಪುಟ, ಕ್ವಿಜ್, ಅಸೈನ್‌ಮೆಂಟ್‌ಗಳನ್ನು ಖಾಲಿಯಾಗಿಯೇ ಮಾಡಿಕೊಳ್ಳಿ. ಹೆಸರು ಕೊಟ್ಟು, ಒಳಗೆ ಒಂದು ಸಾಲು ಬರೆದು ಸೇವ್ ಮಾಡಿದರೆ ಸಾಕು, ಸಂಖ್ಯೆ ಸಿಕ್ಕಿತು. ಆಮೇಲೆ ಒಳಗಿನ ಪಠ್ಯ ತುಂಬಿ, ಕೊನೆಗೆ ಲಿಂಕ್. ಇಷ್ಟಾದ ಮೇಲೆ ಯಾವ ಪುಟವನ್ನೂ ಅಳಿಸಿ ಮರುಸೃಷ್ಟಿ ಮಾಡಬೇಡಿ. ಪಠ್ಯ ಪೂರ್ತಿ ಬದಲಾಗಬೇಕಿದ್ದರೂ ಅದೇ ಪುಟದೊಳಗೆ ಅಳಿಸಿ ಬರೆಯಿರಿ.

ಈ ಹಂತದಲ್ಲೇ ತೀರ್ಮಾನಿಸಬೇಕಾದ ಇನ್ನೊಂದು ವಿಷಯ: ಲಿಂಕ್ ಮಾಡಬೇಕಾದ ಪಠ್ಯವನ್ನು ಲೇಬಲ್‌ನಲ್ಲಿ, ಅಂದರೆ ಕೋರ್ಸ್ ಪುಟದ ಮೇಲೇ ನೇರವಾಗಿ ಕಾಣುವ ‘ಟೆಕ್ಸ್ಟ್ ಆಂಡ್ ಮೀಡಿಯಾ’ ತುಂಡಿನಲ್ಲಿ ಇಡಬೇಡಿ. ಅದಕ್ಕೆ ತನ್ನದೇ ಪುಟವಿಲ್ಲ. ಕೋರ್ಸ್ ಪುಟದ ವಿಳಾಸದ ಕೊನೆಗೆ ‘#ಮಾಡ್ಯೂಲ್-345’ ಎಂದು ಸೇರಿಸಿ ಅಲ್ಲಿಗೆ ಕರೆದೊಯ್ಯಬಹುದು, ನಿಜ. ಆದರೆ ಕೋರ್ಸ್ ನಕಲು ಮಾಡಿದಾಗ ಆ # ಚಿಹ್ನೆಯ ಮುಂದಿನ ಸಂಖ್ಯೆ ಹಾಗೇ ಉಳಿದುಬಿಡುತ್ತದೆ. ಯಾರಾದರೂ ಲಿಂಕ್ ಮೂಲಕ ಬರಬೇಕಾದ ವಿಷಯವಾದರೆ ಅದಕ್ಕೊಂದು ಪುಟ ಮಾಡಿಬಿಡಿ.

ಹಂತ 2: ಸರಿಯಾದ ವಿಳಾಸವನ್ನು ಸರಿಯಾದ ಕಡೆಯಿಂದ ತೆಗೆದುಕೊಳ್ಳಿ

"ನನಗೆ ತೆರೆಯುತ್ತೆ, ಅವರಿಗೆ ತೆರೆಯಲ್ಲ" ಎನ್ನುವ ದೂರಿನ ಅರ್ಧ ಭಾಗ ಹುಟ್ಟುವುದು ಇಲ್ಲಿ. ಶಿಕ್ಷಕರು ತಾವು ಆ ಹೊತ್ತಿಗೆ ನಿಂತಿದ್ದ ಪುಟದ ವಿಳಾಸವನ್ನು ನಕಲು ಮಾಡುತ್ತಾರೆ. ನಿಂತಿದ್ದು ಶಿಕ್ಷಕರಿಗಷ್ಟೇ ತೆರೆಯುವ ಪುಟದಲ್ಲಿ.

ಹೀಗೆ ಮಾಡಿ. ಎಡಿಟ್ ಮೋಡ್ ಆಫ್ ಮಾಡಿ. ಕೋರ್ಸ್‌ನ ಮುಖ್ಯ ಪುಟಕ್ಕೆ ಬನ್ನಿ. ಬೇಕಾದ ಚಟುವಟಿಕೆಯ (ಪುಟ, ಕ್ವಿಜ್, ಅಸೈನ್‌ಮೆಂಟ್ ಎಲ್ಲವೂ ಇಲ್ಲಿ ಚಟುವಟಿಕೆಗಳೇ) ಹೆಸರಿನ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ಲಿಂಕ್‌ನ ವಿಳಾಸ ನಕಲು ಮಾಡುವ ಆಯ್ಕೆ ಆರಿಸಿ. ಪುಟದ ಒಳಗೆ ಹೋಗಿ ಅಡ್ರೆಸ್ ಬಾರ್‌ನಿಂದ ತೆಗೆಯುವುದಕ್ಕಿಂತ ಇದು ಸುರಕ್ಷಿತ.

ನಕಲು ಮಾಡಿದ ವಿಳಾಸವನ್ನು ಒಮ್ಮೆ ಕಣ್ಣಾರೆ ಓದಿ. ಅದರಲ್ಲಿ ‘ವ್ಯೂ.ಪಿಎಚ್‌ಪಿ?ಐಡಿ=’ ಮತ್ತು ಒಂದು ಸಂಖ್ಯೆ ಇದ್ದರೆ ಸರಿ. ಇವು ಕಂಡರೆ ನಿಲ್ಲಿ:

‘ಮಾಡ್‌ಎಡಿಟ್.ಪಿಎಚ್‌ಪಿ?ಅಪ್‌ಡೇಟ್=345’: ಇದು ಸೆಟ್ಟಿಂಗ್ಸ್ ಪುಟ. ವಿದ್ಯಾರ್ಥಿಗೆ ಅನುಮತಿ ಇಲ್ಲ ಎಂದು ಬರುತ್ತದೆ. ಒಂದು ಸಮಾಧಾನ, ಇಲ್ಲಿರುವ 345 ಆ ಚಟುವಟಿಕೆಯ ನಿಜವಾದ ಸಂಖ್ಯೆಯೇ. ಅದನ್ನೇ ‘ವ್ಯೂ.ಪಿಎಚ್‌ಪಿ?ಐಡಿ=’ ಮುಂದೆ ಹಾಕಿಕೊಳ್ಳಬಹುದು.

‘ಅಟೆಂಪ್ಟ್=’: ಕ್ವಿಜ್‌ನ ಪ್ರಿವ್ಯೂ ನೋಡುತ್ತಾ ನಕಲು ಮಾಡಿದ್ದೀರಿ. ಅದು ನಿಮ್ಮೊಬ್ಬರ ಪ್ರಯತ್ನದ ವಿಳಾಸ, ಬೇರೆಯವರಿಗೆ ತೆರೆಯದು.

‘ಆ್ಯಕ್ಷನ್=ಗ್ರೇಡಿಂಗ್’: ಅಸೈನ್‌ಮೆಂಟ್‌ಗೆ ಅಂಕ ಕೊಡುವ ಪುಟ.

‘ಡ್ರಾಫ್ಟ್‌ಫೈಲ್.ಪಿಎಚ್‌ಪಿ’: ಎಲ್ಲಕ್ಕಿಂತ ಮೋಸದ್ದು ಇದೇ. ಎಡಿಟರ್ ತೆರೆದಿರುವಾಗ ಫೈಲ್‌ಗಳು ತಾತ್ಕಾಲಿಕವಾಗಿ ಇರುವ ಜಾಗ ಅದು. ಅಪ್‌ಲೋಡ್ ಮಾಡಿದವರಿಗೆ ಮಾತ್ರ ಕಾಣುತ್ತದೆ, ಸ್ವಲ್ಪ ದಿನಕ್ಕೆ ಸರ್ವರ್ ಅದನ್ನು ಗುಡಿಸಿಹಾಕುತ್ತದೆ. ನಾನೇ ಒಮ್ಮೆ ಇಂಥ ವಿಳಾಸ ಹಾಕಿ, ಪರೀಕ್ಷಿಸಿ, ಸರಿಯಿದೆ ಅಂತ ಟಿಕ್ ಹೊಡೆದು, ಮುಂದಿನ ವಾರ ಇಡೀ ತರಗತಿಯ ಸಂದೇಶಗಳಿಗೆ ಉತ್ತರ ಕೊಡುತ್ತಾ ಕೂತಿದ್ದೆ.

ಸಂಖ್ಯೆಯ ನಂತರ ಬರುವ ‘&ಫೋರ್ಸ್‌ವ್ಯೂ=1’ ಥರದ ಬಾಲಗಳನ್ನು ಕತ್ತರಿಸಿ. ಅಪಾಯವೇನೂ ಇಲ್ಲ, ಕಸ ಅಷ್ಟೇ. ಬುಕ್ ಚಟುವಟಿಕೆಯ ‘&ಚಾಪ್ಟರ್‌ಐಡಿ=’ ಮಾತ್ರ ಇರಲಿ, ಯಾವ ಅಧ್ಯಾಯ ಎಂದು ಹೇಳುವುದು ಅದೇ.

ಫೈಲ್‌ಗಳ ವಿಷಯದಲ್ಲೂ ಒಂದು ಎಚ್ಚರ. ಪಿಡಿಎಫ್ ತೆರೆದ ಮೇಲೆ ಕಾಣುವ ‘ಪ್ಲಗಿನ್‌ಫೈಲ್.ಪಿಎಚ್‌ಪಿ’ ವಿಳಾಸದೊಳಗೆ ಫೈಲ್‌ನ ಹೆಸರೂ ಸೇರಿರುತ್ತದೆ. ನಾಳೆ ತಿದ್ದಿದ ಪ್ರತಿಯನ್ನು ಬೇರೆ ಹೆಸರಿನಲ್ಲಿ ಹಾಕಿದಿರಿ ಅಂದರೆ ಲಿಂಕ್ ಹೋಯಿತು. ಅದರ ಬದಲು ಫೈಲ್ ಇರುವ ರಿಸೋರ್ಸ್‌ನ (ಕೋರ್ಸ್ ಪುಟದ ಪಟ್ಟಿಯಲ್ಲಿ ಆ ಫೈಲ್‌ಗಾಗಿ ಇರುವ ನಮೂದಿನ) ‘ವ್ಯೂ.ಪಿಎಚ್‌ಪಿ?ಐಡಿ=’ ವಿಳಾಸ ಕೊಡಿ; ಒಳಗಿನ ಫೈಲ್ ಎಷ್ಟು ಸಲ ಬದಲಾದರೂ ಅದು ಬದಲಾಗದು. ಇನ್ನೊಂದು ಲಾಭವೂ ಉಂಟು. ‘ನೋಡಿದರೆ ಪೂರ್ಣ’ ಎಂಬ ಷರತ್ತು ಇಟ್ಟಿದ್ದರೆ ರಿಸೋರ್ಸ್ ಮೂಲಕ ತೆರೆದಾಗ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ, ಫೈಲ್‌ಗೆ ನೇರ ಹಾರಿದರೆ ಬರುವುದಿಲ್ಲ.

ಹಂತ 3: ಲಿಂಕ್ ಹಾಕುವುದು

ಎಡಿಟರ್‌ನಲ್ಲಿ ಪದಗಳನ್ನು ಆಯ್ದು, ಸರಪಳಿ ಚಿತ್ರದ ಬಟನ್ ಒತ್ತಿ, ವಿಳಾಸ ಅಂಟಿಸಿ, ಸೇವ್ ಮಾಡಿ. ಬಟನ್ ಬಗ್ಗೆ ಇಷ್ಟೇ.

ವಿಳಾಸ ಮಾತ್ರ ಪೂರ್ತಿ ಇರಲಿ, ‘ಎಚ್‌ಟಿಟಿಪಿಎಸ್’ನಿಂದ ಹಿಡಿದು ಸಂಖ್ಯೆಯವರೆಗೆ. ತಾಂತ್ರಿಕ ಜ್ಞಾನ ಸ್ವಲ್ಪ ಇರುವವರು ಸೈಟ್‌ನ ಹೆಸರು ಬಿಟ್ಟು ‘/ಮಾಡ್/ಪೇಜ್/...’ ಎಂದು ಚಿಕ್ಕದಾಗಿ ಬರೆಯುವುದುಂಟು. ಬೇರೆ ವೆಬ್‌ಸೈಟ್‌ಗಳಲ್ಲಿ ಅದು ಒಳ್ಳೆಯ ಅಭ್ಯಾಸ. ಮೂಡಲ್‌ನಲ್ಲಿ ಅದೇ ಮುಳುವಾಗುತ್ತದೆ. ಬ್ಯಾಕಪ್ ತೆಗೆಯುವಾಗ ಮೂಡಲ್ ತನ್ನ ಸೈಟ್‌ನ ಪೂರ್ಣ ವಿಳಾಸದಿಂದ ಶುರುವಾಗುವ ಲಿಂಕ್‌ಗಳನ್ನು ಮಾತ್ರ ತನ್ನದೆಂದು ಗುರುತಿಸುತ್ತದೆ. ಅದೇ ಕಾರಣಕ್ಕೆ ‘ಎಚ್‌ಟಿಟಿಪಿ’ಗೂ ‘ಎಚ್‌ಟಿಟಿಪಿಎಸ್’ಗೂ, ‘ಡಬ್ಲ್ಯೂಡಬ್ಲ್ಯೂಡಬ್ಲ್ಯೂ’ ಇರುವುದಕ್ಕೂ ಇಲ್ಲದ್ದಕ್ಕೂ ವ್ಯತ್ಯಾಸವಿದೆ. ಸೈಟ್ ತೆರೆದಾಗ ಅಡ್ರೆಸ್ ಬಾರ್‌ನಲ್ಲಿ ಹೇಗೆ ಕಾಣುತ್ತದೋ ಹಾಗೇ ಇರಬೇಕು.

ಯಾವ ಪದಗಳಿಗೆ ಲಿಂಕ್ ಕೊಡಬೇಕು? ‘ಇಲ್ಲಿ ಕ್ಲಿಕ್ ಮಾಡಿ’ ಬೇಡ. ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರು ಪುಟದ ಲಿಂಕ್‌ಗಳನ್ನೆಲ್ಲ ಒಂದು ಪಟ್ಟಿಯಾಗಿ ಕೇಳಿಸಿಕೊಳ್ಳಬಹುದು. ಆ ಪಟ್ಟಿಯಲ್ಲಿ ‘ಇಲ್ಲಿ, ಇಲ್ಲಿ, ಇಲ್ಲಿ’ ಎಂದಷ್ಟೇ ಕೇಳಿದರೆ ಏನು ಅರ್ಥವಾಗಬೇಕು? ವೆಬ್ ಸುಗಮ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ಡಬ್ಲ್ಯೂಸಿಎಜಿಯಲ್ಲಿ ಲಿಂಕ್ ಎಲ್ಲಿಗೆ ಹೋಗುತ್ತದೆಂದು ತಿಳಿಯಬೇಕೆನ್ನುವ 2.4.4ನೇ ನಿಯಮ ‘ಎ’ ಮಟ್ಟದ್ದು, ಅಂದರೆ ಕನಿಷ್ಠ ಅಗತ್ಯಗಳಲ್ಲಿ ಒಂದು. ‘ಮೂರನೇ ಘಟಕದ ಅಭ್ಯಾಸ ಪ್ರಶ್ನೆಗಳು’ ಎಂದು ಗುರಿಯ ಹೆಸರನ್ನೇ ಲಿಂಕ್ ಮಾಡಿ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಕಿವಿಮಾತು: ಪದವನ್ನು ಪ್ರತ್ಯಯ ಸಮೇತ ಆಯ್ದುಕೊಳ್ಳಿ. ‘ಪ್ರಶ್ನೆಗಳಿಗೆ’ ಎಂಬಲ್ಲಿ ‘ಪ್ರಶ್ನೆ’ಯಷ್ಟನ್ನೇ ನೀಲಿ ಮಾಡಿ ‘ಗಳಿಗೆ’ಯನ್ನು ಹೊರಗೆ ಬಿಟ್ಟರೆ ಓದಲು ಕಿರಿಕಿರಿ. ಅಕ್ಷರ ಒಂದು ಕಡೆ, ಅದರ ಸ್ವರಚಿಹ್ನೆ ಇನ್ನೊಂದು ಕಡೆ ಆಗುವಂತೆ ಕತ್ತರಿಸಿದರಂತೂ ಕೆಲವು ಬ್ರೌಸರ್‌ಗಳಲ್ಲಿ ಚುಕ್ಕಿಗಳ ವೃತ್ತ ಮೂಡುತ್ತದೆ.

ಹೊಸ ಟ್ಯಾಬ್‌ನಲ್ಲಿ ತೆರೆಯುವಂತೆ ಮಾಡಬೇಕೇ? ಕೋರ್ಸ್‌ನೊಳಗಿನ ಲಿಂಕ್‌ಗೆ ಬೇಡ. ಮೊಬೈಲ್‌ನಲ್ಲಿ ಹತ್ತು ಟ್ಯಾಬ್ ತೆರೆದುಕೊಂಡು ವಿದ್ಯಾರ್ಥಿಗೆ ದಾರಿ ತಪ್ಪುತ್ತದೆ. ಕ್ವಿಜ್‌ನ ಪ್ರಶ್ನೆಯೊಳಗೆ ಕೊಟ್ಟ ಲಿಂಕ್ ಮಾತ್ರ ಇದಕ್ಕೆ ಅಪವಾದ. ಅಲ್ಲಿ ಅದೇ ಟ್ಯಾಬ್‌ನಲ್ಲಿ ತೆರೆದರೆ ಉತ್ತರ ಬರೆಯುತ್ತಿದ್ದ ಪುಟವೇ ಕೈಬಿಟ್ಟು ಹೋಗುತ್ತದೆ.

ಹಂತ 4: ಉದ್ದ ಪುಟದ ನಡುವಿಗೆ ಇಳಿಸಬೇಕಾದರೆ

ಪಠ್ಯದ ಹಿಂದಿನ ಕೋಡ್ ತೋರಿಸುವ, ಎಡಿಟರ್‌ನ ಎಚ್‌ಟಿಎಂಎಲ್ ನೋಟಕ್ಕೆ ಹೋಗಿ, ಇಳಿಸಬೇಕಾದ ತಲೆಬರಹದ ಟ್ಯಾಗ್‌ಗೆ ‘ಐಡಿ’ ಗುಣ ಸೇರಿಸಿ ಒಂದು ಗುರುತು ಕೊಡಿ. ಗುರುತು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿರಲಿ, ಅಕ್ಷರದಿಂದಲೇ ಶುರುವಾಗಲಿ, ನಡುವೆ ಖಾಲಿ ಜಾಗ ಬೇಡ. ಆಮೇಲೆ ಪುಟದ ವಿಳಾಸದ ಕೊನೆಗೆ # ಹಾಕಿ ಆ ಗುರುತು ಬರೆದರಾಯಿತು. ಅದೇ ಪುಟದೊಳಗೇ ಜಿಗಿಯಬೇಕಾದರೆ # ಮತ್ತು ಗುರುತು ಮಾತ್ರ ಸಾಕು.

‘ಪೇಜ್’, ‘ಮೇನ್‌ಕಂಟೆಂಟ್’ ಎಂಬ ಸಾಮಾನ್ಯ ಗುರುತುಗಳನ್ನು ಮೂಡಲ್ ಆಗಲೇ ತನ್ನ ಪುಟರಚನೆಗೆ ಬಳಸಿಕೊಂಡಿದೆ. ನೀವೂ ಅದನ್ನೇ ಇಟ್ಟರೆ ಲಿಂಕ್ ಪುಟದ ಮೇಲ್ತುದಿಗೆ ಹೋಗಿ ನಿಲ್ಲುತ್ತದೆ. ಘಟಕದ ಹೆಸರನ್ನು ಮುಂದೆ ಸೇರಿಸಿ ನಿಮ್ಮದೇ ಗುರುತು ಮಾಡಿಕೊಳ್ಳಿ. ಇದು ಸಂಖ್ಯೆಯಲ್ಲ, ನೀವು ಬರೆದ ಪದ. ಹಾಗಾಗಿ ಕೋರ್ಸ್ ನಕಲಾದರೂ ಉಳಿಯುತ್ತದೆ.

ಹಂತ 5: ತಾನೇ ಹುಟ್ಟುವ ಲಿಂಕ್‌ಗಳನ್ನು ಎಷ್ಟು ನಂಬಬೇಕು

ಮೂಡಲ್‌ನಲ್ಲಿ ಚಟುವಟಿಕೆಗಳ ಹೆಸರನ್ನು ತಾನೇ ಲಿಂಕ್ ಮಾಡುವ ಒಂದು ಫಿಲ್ಟರ್ ಇದೆ. ಅದು ಚಾಲೂ ಇದ್ದರೆ, ಪಠ್ಯದಲ್ಲಿ ನೀವು ಬರೆದ ಪದಗಳು ಅದೇ ಕೋರ್ಸ್‌ನ ಯಾವುದಾದರೂ ಚಟುವಟಿಕೆಯ ಹೆಸರಿಗೆ ಹೊಂದಿದಾಗ ಅಲ್ಲಿ ಲಿಂಕ್ ತಾನಾಗಿ ಮೂಡುತ್ತದೆ. ಕೋರ್ಸ್‌ನ ಮೆನುವಿನ ಫಿಲ್ಟರ್ಸ್ ಪುಟದಲ್ಲಿ ಅದರ ಸ್ಥಿತಿ ನೋಡಬಹುದು. ಅಲ್ಲಿ ಕಾಣದಿದ್ದರೆ ಅಡ್ಮಿನ್ ಅದನ್ನು ಮುಚ್ಚಿಟ್ಟಿದ್ದಾರೆ.

ಇದರ ಗುಣ: ಲಿಂಕ್ ಎಲ್ಲೂ ಬರೆದಿಟ್ಟಿರುವುದಿಲ್ಲ, ಪುಟ ತೋರಿಸುವಾಗ ಹುಟ್ಟುತ್ತದೆ, ಆದ್ದರಿಂದ ನಕಲು ಮಾಡಿದ ಕೋರ್ಸ್‌ನಲ್ಲಿ ಹಳೆಯದಕ್ಕೆ ಹೋಗುವ ಮಾತೇ ಇಲ್ಲ. ವಿದ್ಯಾರ್ಥಿಗೆ ಕಾಣದ ಚಟುವಟಿಕೆಗೆ ಲಿಂಕ್ ಮೂಡುವುದೂ ಇಲ್ಲ.

ಇದರ ದೋಷ: ‘ಪರಿಚಯ’ ಎಂದು ಒಂದು ಪುಟಕ್ಕೆ ಹೆಸರಿಟ್ಟಿರೋ, ಕೋರ್ಸ್‌ನಲ್ಲಿ ಎಲ್ಲೆಲ್ಲಿ ‘ಪರಿಚಯ’ ಎಂಬ ಪದ ಬಂದರೂ ನೀಲಿ. ಕನ್ನಡಕ್ಕೆ ಇನ್ನೂ ಒಂದು ತೊಡಕು. ಹೆಸರು ‘ಘಟಕ ಪರೀಕ್ಷೆ’, ನೀವು ಬರೆಯುವುದು ‘ಘಟಕ ಪರೀಕ್ಷೆಯನ್ನು’, ‘ಘಟಕ ಪರೀಕ್ಷೆಗೆ’. ಫಿಲ್ಟರ್ ಹುಡುಕುವುದು ಇಡೀ ಹೆಸರಿನ ಹೊಂದಾಣಿಕೆಯನ್ನು, ಅದಕ್ಕೆ ವಿಭಕ್ತಿ ಗೊತ್ತಿಲ್ಲ. ಪ್ರತ್ಯಯ ಹತ್ತಿದ ಪದ ಲಿಂಕ್ ಆಗುತ್ತದೆಂದು ನಂಬಿ ಕೂರಬೇಡಿ. ಹೆಸರನ್ನು ಹಾಗೇ ಬಿಟ್ಟು ‘ಘಟಕ ಪರೀಕ್ಷೆ ಬರೆಯಿರಿ’ ಎನ್ನುವಂತೆ ವಾಕ್ಯವನ್ನೇ ತಿರುಗಿಸಬೇಕಾಗುತ್ತದೆ.

ನನ್ನ ಪದ್ಧತಿ: ಅಂಕಕ್ಕೆ, ಗಡುವಿಗೆ ಸಂಬಂಧಿಸಿದ ಯಾವ ಲಿಂಕನ್ನೂ ಫಿಲ್ಟರ್‌ಗೆ ಬಿಡುವುದಿಲ್ಲ, ಕೈಯಾರೆ ಹಾಕುತ್ತೇನೆ. ಪಾರಿಭಾಷಿಕ ಪದಗಳಿಗೆ ಗ್ಲಾಸರಿ, ಅಂದರೆ ಪದಕೋಶ ಮಾಡಿ ಅದರ ಆಟೋಲಿಂಕ್ ಬಳಸುತ್ತೇನೆ. ಅಲ್ಲೊಂದು ಇಲ್ಲೊಂದು ತಪ್ಪಿದರೂ ನಷ್ಟವಿಲ್ಲ. ಬೇಡದ ಕಡೆ ಲಿಂಕ್ ಮೂಡುತ್ತಿದ್ದರೆ ಎಚ್‌ಟಿಎಂಎಲ್ ನೋಟದಲ್ಲಿ ಆ ಪದವನ್ನು ‘ನೋಲಿಂಕ್’ ಎಂಬ ಕ್ಲಾಸ್ ಇರುವ ಸ್ಪ್ಯಾನ್ ಟ್ಯಾಗ್‌ನೊಳಗೆ ಇಟ್ಟರೆ ಫಿಲ್ಟರ್ ಅದನ್ನು ಮುಟ್ಟುವುದಿಲ್ಲ.

ವಿಕಿ ಚಟುವಟಿಕೆಯ ರೀತಿಯೇ ಬೇರೆ. ಅಲ್ಲಿ ಪುಟದ ಹೆಸರನ್ನು ಎರಡೆರಡು ಚೌಕ ಆವರಣಗಳ ನಡುವೆ ಬರೆದರೆ ಲಿಂಕ್ ಆಗುತ್ತದೆ, ಆ ಪುಟ ಇಲ್ಲದಿದ್ದರೆ ಒತ್ತಿದಾಗ ಹೊಸದು ಸೃಷ್ಟಿಸಲು ಕೇಳುತ್ತದೆ. ಕಾಗುಣಿತ ಒಂದಿಷ್ಟು ತಪ್ಪಿದರೂ ಅದನ್ನು ಹೊಸ ಪುಟವೆಂದೇ ತಿಳಿಯುತ್ತದೆ.

ಹಂತ 6: ಬಾಗಿಲು ತೆರೆದಿದೆಯೇ ನೋಡಿ

ಲಿಂಕ್ ದಾರಿ ತೋರಿಸುತ್ತದೆ, ಬೀಗ ತೆಗೆಯುವುದಿಲ್ಲ. ಚಟುವಟಿಕೆಯನ್ನು ವಿದ್ಯಾರ್ಥಿಗಳಿಂದ ಮರೆಮಾಡಿದ್ದರೆ ಲಿಂಕ್ ಕಾಣುತ್ತದೆ, ಒತ್ತಿದರೆ ಲಭ್ಯವಿಲ್ಲ ಎನ್ನುತ್ತದೆ. ಕೋರ್ಸ್ ಪುಟದ ಪಟ್ಟಿಯಲ್ಲಿ ಬೇಡ, ಲಿಂಕ್‌ನಿಂದ ಮಾತ್ರ ತೆರೆಯಲಿ ಎಂದಾದರೆ ಮರೆಮಾಡುವುದು ದಾರಿಯಲ್ಲ. ಅವೈಲಬಿಲಿಟಿ ಸೆಟ್ಟಿಂಗ್‌ನಲ್ಲಿ ‘ಲಭ್ಯವಿರಲಿ, ಕೋರ್ಸ್ ಪುಟದಲ್ಲಿ ಕಾಣಿಸದಿರಲಿ’ ಎಂಬರ್ಥದ ಮೂರನೇ ಆಯ್ಕೆ ಇದೆ. ಅದು ಕಾಣದಿದ್ದರೆ ‘ಸ್ಟೆಲ್ತ್’ ಚಟುವಟಿಕೆಗಳಿಗೆ ಸೈಟ್ ಮಟ್ಟದಲ್ಲಿ ಅನುಮತಿ ಕೊಡಲು ಅಡ್ಮಿನ್‌ಗೆ ಹೇಳಬೇಕು.

ಷರತ್ತುಗಳಲ್ಲೂ ಒಂದು ಎಡವಟ್ಟು ಮತ್ತೆ ಮತ್ತೆ ಆಗುತ್ತದೆ. ಮೊದಲ ಪುಟ ಪೂರ್ಣವಾದ ಮೇಲೆ ಎರಡನೆಯದು ತೆರೆಯಲಿ ಎಂದು ಇಟ್ಟಿರುತ್ತೀರಿ. ಮೊದಲ ಪುಟದ ಅಡಿಯಲ್ಲಿ ಎರಡನೆಯದಕ್ಕೆ ಲಿಂಕ್. ‘ನೋಡಿದರೆ ಪೂರ್ಣ’ ಎಂದಿದ್ದರೆ ತೊಂದರೆಯಿಲ್ಲ, ಪುಟ ತೆರೆದಾಗಲೇ ಷರತ್ತು ಮುಗಿದಿರುತ್ತದೆ. ಆದರೆ ವಿದ್ಯಾರ್ಥಿಯೇ ‘ಮುಗಿಯಿತು’ ಎಂದು ಗುರುತು ಹಾಕಬೇಕೆಂದಿದ್ದರೆ ಆ ಬಟನ್ ಇರುವುದು ಪುಟದ ಮೇಲ್ತುದಿಯಲ್ಲಿ. ಓದುತ್ತಾ ಕೆಳಗಿಳಿದವರು ಲಿಂಕ್ ಒತ್ತುತ್ತಾರೆ, ಬಾಗಿಲು ಹಾಕಿರುತ್ತದೆ. ಲಿಂಕ್‌ನ ಪಕ್ಕದಲ್ಲೇ ‘ಮೊದಲು ಮೇಲಿನ ಬಟನ್ ಒತ್ತಿ’ ಎಂದು ಬರೆಯಿರಿ, ಇಲ್ಲವೇ ಷರತ್ತು ಬದಲಿಸಿ.

ಹಂತ 7: ವಿದ್ಯಾರ್ಥಿಯ ಕಣ್ಣಿನಿಂದ ಪರೀಕ್ಷಿಸಿ

ಬಳಕೆದಾರರ ಮೆನುವಿನಲ್ಲಿ ‘ಸ್ವಿಚ್ ರೋಲ್’ ಇದೆಯಲ್ಲ, ಅದರಿಂದ ವಿದ್ಯಾರ್ಥಿಯ ಪಾತ್ರಕ್ಕೆ ಬದಲಾಗಿ ನೋಡಿದರೆ ಸಾಲದೇ? ಸಾಲದು. ಪಾತ್ರ ಬದಲಾಗುತ್ತದೆ, ನೀವು ಬದಲಾಗುವುದಿಲ್ಲ. ನಿಮ್ಮ ಗುಂಪು, ನಿಮ್ಮ ಪ್ರೊಫೈಲ್ ನಿಮ್ಮವೇ ಆಗಿರುತ್ತವೆ. ಮುಖ್ಯವಾಗಿ, ಹಳೆಯ ಕೋರ್ಸ್‌ಗೂ ನೀವು ಸೇರಿಕೊಂಡಿರುತ್ತೀರಿ. ಲಿಂಕ್ ಹಳೆಯದಕ್ಕೆ ಹೋದರೂ ನಿಮಗೆ ಪುಟ ತೆರೆಯುತ್ತದೆ. ಪಠ್ಯ ಅದೇ, ಚಿತ್ರ ಅದೇ, ಅನುಮಾನಕ್ಕೆ ಎಡೆಯೇ ಇಲ್ಲ. ವಿದ್ಯಾರ್ಥಿಗೆ ಮಾತ್ರ ‘ನೀವು ಈ ಕೋರ್ಸ್‌ಗೆ ಸೇರಿಲ್ಲ’ ಎಂಬ ಗೋಡೆ.

ಅದಕ್ಕೇ ಪರೀಕ್ಷಾ ಖಾತೆ ಹೊಸ ಕೋರ್ಸ್‌ಗೆ ಮಾತ್ರ ಸೇರಿರಬೇಕೆಂದದ್ದು. ಖಾಸಗಿ ವಿಂಡೋದಲ್ಲಿ ಆ ಖಾತೆಯಿಂದ ಲಾಗಿನ್ ಆಗಿ ಒಂದೊಂದೇ ಲಿಂಕ್ ಒತ್ತಿ. ಪುಟ ತೆರೆದರೆ ಸಾಲದು, ಮೇಲಿರುವ ಕೋರ್ಸ್‌ನ ಹೆಸರನ್ನೂ ಓದಿ. ಮೊಬೈಲ್ ಆ್ಯಪ್ ಬಳಸುವ ವಿದ್ಯಾರ್ಥಿಗಳಿದ್ದರೆ ಐದಾರು ಲಿಂಕ್‌ಗಳನ್ನು ಆ್ಯಪ್‌ನಲ್ಲೂ ಒತ್ತಿ ನೋಡಿ.

ಹಂತ 8: ಕೋರ್ಸ್ ನಕಲು ಮಾಡುವ ದಿನ

ಇಲ್ಲಿಯವರೆಗಿನದು ಸರಿಯಾಗಿದ್ದರೂ ಎಲ್ಲ ಕೆಡುವುದು ಈ ಒಂದು ದಿನ. ಆದ್ದರಿಂದ ಒಳಗೆ ಏನು ನಡೆಯುತ್ತದೆಂದು ತಿಳಿದಿರಬೇಕು.

ಬ್ಯಾಕಪ್ ತೆಗೆಯುವಾಗ ಮೂಡಲ್ ಪಠ್ಯದೊಳಗಿನ ತನ್ನ ಲಿಂಕ್‌ಗಳನ್ನು ಹುಡುಕಿ, ‘345ನೇ ಸಂಖ್ಯೆಯ ಪೇಜ್’ ಎಂಬರ್ಥದ ಒಂದು ಸಂಕೇತವಾಗಿ ಬದಲಿಸಿಡುತ್ತದೆ. ರೀಸ್ಟೋರ್ ಮಾಡುವಾಗ, ಅಂದರೆ ಬ್ಯಾಕಪ್‌ನಿಂದ ಕೋರ್ಸ್ ಮತ್ತೆ ಕಟ್ಟುವಾಗ, ಹಳೆಯ 345ಕ್ಕೆ ಹೊಸ ಕೋರ್ಸ್‌ನಲ್ಲಿ ಯಾವ ಸಂಖ್ಯೆ ಸಿಕ್ಕಿತೆಂದು ನೋಡಿ, ಸಂಕೇತದ ಜಾಗದಲ್ಲಿ ಹೊಸ ಲಿಂಕ್ ಬರೆಯುತ್ತದೆ. ಇಂಪೋರ್ಟ್ (ಬೇರೆ ಕೋರ್ಸ್‌ನ ಭಾಗಗಳನ್ನು ತರುವುದು), ಕೋರ್ಸ್ ಕಾಪಿ ಎರಡೂ ಒಳಗೆ ಇದೇ ಕೆಲಸ ಮಾಡುತ್ತವೆ. ಅಂದರೆ ಲಿಂಕ್‌ಗಳನ್ನು ನೀವು ಕೈಯಾರೆ ತಿದ್ದಬೇಕಾಗಿಯೇ ಇಲ್ಲ, ಒಂದು ಷರತ್ತಿನ ಮೇಲೆ: ಲಿಂಕ್ ಇರುವ ಪುಟ ಮತ್ತು ಅದರ ಗುರಿ ಎರಡೂ ಒಂದೇ ಬ್ಯಾಕಪ್‌ನಲ್ಲಿ ಪ್ರಯಾಣ ಮಾಡಿರಬೇಕು.

ಗುರಿ ಆ ಬ್ಯಾಕಪ್‌ನಲ್ಲಿ ಇಲ್ಲದಿದ್ದರೆ ಹೊಸ ಸಂಖ್ಯೆ ಎಲ್ಲಿಂದ ಬರಬೇಕು? ಮೂಡಲ್ ಹಳೆಯ ವಿಳಾಸವನ್ನೇ ವಾಪಸ್ ಬರೆಯುತ್ತದೆ. ಈ ಸೋಮವಾರ ಮೊದಲ ನಾಲ್ಕು ಘಟಕ ಇಂಪೋರ್ಟ್, ಮುಂದಿನ ಸೋಮವಾರ ಉಳಿದ ನಾಲ್ಕು, ಹೀಗೆ ಕಂತಿನಲ್ಲಿ ತಂದವರ ಕೋರ್ಸ್‌ಗಳಲ್ಲಿ ಎರಡನೇ ಘಟಕದಿಂದ ಆರನೇ ಘಟಕಕ್ಕೆ ಇರುವ ಲಿಂಕ್ ಹಳೆಯ ಕೋರ್ಸ್‌ಗೇ ಹೋಗುತ್ತದೆ. ಆಮೇಲೆ ಆರನೇ ಘಟಕ ಬಂದರೂ ಅದು ತಾನಾಗಿ ಸರಿಹೋಗುವುದಿಲ್ಲ.

ಹಾಗಾಗಿ ಕೋರ್ಸ್ ಪೂರ್ತಿಯಾಗಿ ಒಂದೇ ಸಲ ತನ್ನಿ. ಬೇಡದ ಭಾಗಗಳಿದ್ದರೆ ತಂದ ಮೇಲೆ ಅಳಿಸಿ. ಇದೊಂದು ಮಾಡಿದರೆ ಮುಕ್ಕಾಲು ಪಾಲು ದೂರುಗಳು ಹುಟ್ಟುವುದೇ ಇಲ್ಲ.

ಕೋರ್ಸ್ ಪೂರ್ತಿ ತಂದರೂ ಬದಲಾಗದೆ ಉಳಿಯುವ ಕೆಲವು ಇವೆ. ಸೈಟ್‌ನ ಹೆಸರಿಲ್ಲದ ಅರ್ಧ ವಿಳಾಸಗಳು. ಮೊದಲೇ ಹೇಳಿದ ‘#ಮಾಡ್ಯೂಲ್-’ ಗುರುತುಗಳು. ಬೇರೆ ಕೋರ್ಸ್‌ಗೆ ಕೊಟ್ಟ ಲಿಂಕ್‌ಗಳು. ಫೋರಂನ ಒಂದು ನಿರ್ದಿಷ್ಟ ಚರ್ಚೆಗೆ ಕೊಟ್ಟ ಲಿಂಕ್ ಕೂಡ. ಬಳಕೆದಾರರ ಮಾಹಿತಿ ಬಿಟ್ಟು ನಕಲು ಮಾಡಿದಾಗ ಆ ಚರ್ಚೆಯೇ ಬಂದಿರುವುದಿಲ್ಲ. ಫೋರಂಗೆ ಲಿಂಕ್ ಕೊಡಿ, ಚರ್ಚೆಗೆ ಬೇಡ.

ಬೇರೆ ಕೋರ್ಸ್‌ಗೆ ಲಿಂಕ್ ಕೊಡಲೇಬೇಕಿದ್ದರೆ ಒಂದು ಉಪಾಯವಿದೆ. ಕೋರ್ಸ್ ಪುಟದ ವಿಳಾಸದಲ್ಲಿ ‘ಐಡಿ=’ ಬದಲು ‘ನೇಮ್=’ ಎಂದು ಬರೆದು ಆ ಕೋರ್ಸ್‌ನ ಕಿರುಹೆಸರು ಕೊಟ್ಟರೂ ತೆರೆಯುತ್ತದೆ. ಮುಂದಿನ ಸಲ ಹೊಸ ಕೋರ್ಸ್‌ಗೆ ಅದೇ ಕಿರುಹೆಸರು ಕೊಟ್ಟು ಹಳೆಯದರ ಕಿರುಹೆಸರು ಬದಲಿಸಿದರೆ ಲಿಂಕ್ ತಾನೇ ಹೊಸದಕ್ಕೆ ತಿರುಗುತ್ತದೆ. ಒಂದು ಸೈಟ್‌ನಲ್ಲಿ ಒಂದು ಕಿರುಹೆಸರು ಒಂದೇ ಕೋರ್ಸ್‌ಗೆ ಸಿಗುವುದರಿಂದ ಗೊಂದಲವಿಲ್ಲ.

ನಕಲಿನ ತಲೆನೋವೇ ಬೇಡವೆಂದರೆ ರೀಸೆಟ್ ಇದೆ. ಅದು ಹಳೆಯ ವಿದ್ಯಾರ್ಥಿಗಳ ಮಾಹಿತಿ ತೆಗೆದು ಅದೇ ಕೋರ್ಸನ್ನು ಮತ್ತೆ ಬಳಸಲು ಬಿಡುತ್ತದೆ. ಚಟುವಟಿಕೆಗಳ ಸಂಖ್ಯೆ ಬದಲಾಗದು, ಲಿಂಕ್‌ಗಳಿಗೆ ಏನೂ ಆಗದು. ಹಳೆಯ ಅಂಕಗಳು ಬೇಕಾದರೆ ಮೊದಲೇ ಬ್ಯಾಕಪ್ ತೆಗೆದಿಟ್ಟುಕೊಳ್ಳಬೇಕು ಎನ್ನುವುದು ಇದರ ಬೆಲೆ.

ನಕಲಾದ ಕೂಡಲೇ ಹಳೆಯ ಲಿಂಕ್‌ಗಳನ್ನು ಹಿಡಿಯುವ ಸುಲಭ ವಿಧಾನ ಹೇಳುತ್ತೇನೆ. ಚಟುವಟಿಕೆಗಳ ಸಂಖ್ಯೆ ಇಡೀ ಸೈಟ್‌ಗೆ ಒಂದೇ ಸಾಲಿನಲ್ಲಿ ಏರುತ್ತಾ ಹೋಗುತ್ತದೆ. ಹೊಸ ಕೋರ್ಸ್‌ನ ಚಟುವಟಿಕೆಗಳೆಲ್ಲ 2100ರ ಆಚೀಚೆ ಇದ್ದು, ಯಾವುದೋ ಲಿಂಕ್ ಮೇಲೆ ಮೌಸ್ ಇಟ್ಟಾಗ ಬ್ರೌಸರ್‌ನ ಕೆಳಮೂಲೆಯಲ್ಲಿ 345 ಕಂಡರೆ, ಒತ್ತುವುದೇ ಬೇಡ, ಅದು ಹಳೆಯದು.

ಕೈ ಪಳಗಿದವರಿಗೆ ಇನ್ನೊಂದು. ಬ್ಯಾಕಪ್‌ನ ‘ಎಂಬಿಜೆಡ್’ ಫೈಲ್ ನಿಜಕ್ಕೂ ಕುಗ್ಗಿಸಿದ ಒಂದು ಕಡತ, ಬಿಚ್ಚಿ ನೋಡಬಹುದು. ಒಳಗೆ ಚಟುವಟಿಕೆಗಳ ಫೋಲ್ಡರ್‌ನಲ್ಲಿ ನಿಮ್ಮ ಸೈಟ್‌ನ ವಿಳಾಸವನ್ನು ಹುಡುಕಿ. ಸಂಕೇತವಾಗದೆ ಪೂರ್ಣ ವಿಳಾಸವಾಗಿಯೇ ಉಳಿದಿರುವ ಲಿಂಕ್‌ಗಳು ಮೂಡಲ್ ಗುರುತಿಸದೆ ಬಿಟ್ಟವು. ಅವನ್ನು ನಕಲು ಮಾಡುವ ಮೊದಲೇ ಮೂಲದಲ್ಲಿ ಸರಿಪಡಿಸಿ.

ಸೈಟ್‌ನ ವಿಳಾಸವೇ ಬದಲಾದರೆ

ಇದು ಶಿಕ್ಷಕರ ಕೆಲಸವಲ್ಲ. ಮೂಡಲ್‌ನಲ್ಲಿ ಡೇಟಾಬೇಸ್ ತುಂಬಾ ಹಳೆಯ ವಿಳಾಸ ಹುಡುಕಿ ಹೊಸದು ಬರೆಯುವ ಸಲಕರಣೆ ಇದೆ; ಮೆನುವಿನಲ್ಲಿ ಕಾಣದಂತೆ ಇಟ್ಟಿರುತ್ತಾರೆ, ಯಾಕೆಂದರೆ ಮಾಡಿದ್ದನ್ನು ವಾಪಸ್ ಪಡೆಯಲಾಗದು. ಅಡ್ಮಿನ್ ಡೇಟಾಬೇಸ್‌ನ ಬ್ಯಾಕಪ್ ತೆಗೆದ ಮೇಲೆಯೇ ಅದನ್ನು ನಡೆಸಬೇಕು. ನಿಮ್ಮ ಪಾಲಿಗೆ ಉಳಿಯುವುದು ಆಮೇಲೆ ಏಳನೇ ಹಂತವನ್ನು ಇನ್ನೊಮ್ಮೆ ಮಾಡುವುದು.

ನೀವು ಬಳಸುವುದು ಮೂಡಲ್‌ನಂಥದೇ ಇನ್ನೊಂದು ತಂತ್ರಾಂಶವಾದ ಕ್ಯಾನ್ವಾಸ್ ಆದರೆ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಪುಟದ ವಿಳಾಸ ಅದರ ಶೀರ್ಷಿಕೆಯಿಂದ ಹುಟ್ಟುತ್ತದೆ, ಆದ್ದರಿಂದ ಲಿಂಕ್ ಹಾಕುವ ಮೊದಲೇ ಹೆಸರು ಗಟ್ಟಿಮಾಡಿಕೊಳ್ಳಿ. ವಿಳಾಸ ಅಂಟಿಸುವ ಬದಲು ಎಡಿಟರ್ ತೋರಿಸುವ ಕೋರ್ಸ್ ಲಿಂಕ್‌ಗಳ ಪಟ್ಟಿಯಿಂದಲೇ ಆರಿಸಿ. ಕೋರ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಲಿಂಕ್‌ಗಳನ್ನು ತಾನೇ ಪರೀಕ್ಷಿಸುವ ಸೌಲಭ್ಯವೂ ಇದೆ.

ಲಕ್ಷಣ ನೋಡಿ ಕಾರಣ ಹಿಡಿಯುವುದು

ವಿದ್ಯಾರ್ಥಿ ಸ್ಕ್ರೀನ್‌ಶಾಟ್ ಕಳಿಸಿದಾಗ ಮೊದಲು ಅದರಲ್ಲಿನ ಮಾತನ್ನು ಓದಿ.

ಕೋರ್ಸ್‌ಗೆ ಸೇರುವ ಪುಟ ಕಾಣುತ್ತಿದ್ದರೆ ಲಿಂಕ್ ಬೇರೆ ಕೋರ್ಸ್‌ಗೆ ಹೋಗಿದೆ. ಎಂಟನೇ ಹಂತ.

ಚಟುವಟಿಕೆ ಲಭ್ಯವಿಲ್ಲ ಎಂದಿದ್ದರೆ ಲಿಂಕ್ ಸರಿಯಿದೆ, ಬೀಗ ಹಾಕಿದೆ. ಲಿಂಕ್ ತಿದ್ದುತ್ತಾ ಕೂರಬೇಡಿ, ಆರನೇ ಹಂತಕ್ಕೆ ಹೋಗಿ.

ಅನುಮತಿ ಇಲ್ಲ ಎಂದಿದ್ದರೆ ಸೆಟ್ಟಿಂಗ್ಸ್ ಅಥವಾ ಗ್ರೇಡಿಂಗ್ ಪುಟದ ವಿಳಾಸ ಹಾಕಿದ್ದೀರಿ.

ಸಂಖ್ಯೆಯೇ ತಪ್ಪು, ಅಂಥ ಚಟುವಟಿಕೆ ಇಲ್ಲ ಎಂದಿದ್ದರೆ ಯಾರೋ ಅದನ್ನು ಅಳಿಸಿದ್ದಾರೆ. ಬಹುಶಃ ಅದೇ ಹೆಸರಿನಲ್ಲಿ ಹೊಸದು ಮಾಡಿಯೂ ಇದ್ದಾರೆ. ಕೋರ್ಸ್‌ಗೆ ಇಬ್ಬರು ಶಿಕ್ಷಕರಿದ್ದರೆ ಮೊದಲು ಇನ್ನೊಬ್ಬರನ್ನು ಕೇಳಿ.

ನಿಮಗೆ ಕಾಣುವ ಚಿತ್ರ ಅವರಿಗೆ ಮುರಿದ ಚೌಕವಾಗಿ ಕಾಣುತ್ತಿದ್ದರೆ ಎಚ್‌ಟಿಎಂಎಲ್ ನೋಟದಲ್ಲಿ ‘ಡ್ರಾಫ್ಟ್‌ಫೈಲ್’ ಎಂಬ ಪದ ಹುಡುಕಿ. ಸಿಕ್ಕರೆ ಚಿತ್ರವನ್ನು ಅಳಿಸಿ, ಅದೇ ಪುಟದ ಎಡಿಟರ್‌ನಿಂದಲೇ ಮತ್ತೆ ಅಪ್‌ಲೋಡ್ ಮಾಡಿ. ಬೇರೆ ಪುಟದಿಂದ ನಕಲು ಮಾಡಿ ಅಂಟಿಸಬೇಡಿ, ಅದು ಹಾಗಾದದ್ದೇ ಹಾಗೆ.